ದನ ಎದ್ದಿತು, ಮನುಷ್ಯ ಏಳಲಿಲ್ಲ

(ಮಾರಿಕಣಿವೆಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಶಿಬಿರದಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಕೆಚ್ಚಲು ಬಾವಿನ ಬಗ್ಗೆ ಹೇಳಬೇಕಾದ ದನದ ಡಾಕ್ಟರು ಇಂದು ಕುಡಿತದ ಬಗ್ಗೆ, ಮನಸ್ಸಿನ ಕಾಯಿಲೆಯ ಬಗ್ಗೆ ಏಕೆ ಮಾತನಾಡುತ್ತಿದ್ದಾನೆ ಎಂದು ತಮಗೆ ಅನ್ನಿಸಬಹುದು. ಕಾರಣವಿದೆ.

2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. 1933ರ ನಂತರ ಅದೇ ಮೊದಲು. ಜನ ಗಾಡಿ ಕಟ್ಟಿಕೊಂಡು ನೀರು ನೋಡಲು ಕಣಿವೆಗೆ ಹೊರಟಿದ್ದ ಆ ದಿನಗಳಲ್ಲೇ ಒಂದು ಮನೆಯಿಂದ ನನಗೆ ಕರೆ ಬಂದಿತು. ಕರು ಹಾಕಿದ ಮಿಶ್ರತಳಿ ಹಸು ನೆಲ ಹಿಡಿದಿತ್ತು. ಕತ್ತು ಪಕ್ಕಕ್ಕೆ ತಿರುಗಿಸಿ, ಕಿವಿ ತಣ್ಣಗಾಗಿ ಮಲಗಿತ್ತು. ಹಾಲು ಜ್ವರ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟೆ, ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಂತಿತು. ಆ ಮನೆಯ ತಾಯಿ ಪಡಸಾಲೆಯ ಮಂಚದ ಕಡೆ ಕೈ ತೋರಿಸಿ, "ದನ ಎದ್ದಿತು ಸ್ವಾಮಿ, ಮನುಷ್ಯನಿಗೂ ಇಂಥದ್ದೊಂದು ಸೂಜಿ ಇದ್ದರೆ ಹಾಕಿ" ಎಂದರು. ಮಂಚದ ಮೇಲೆ ಅವರ ಯಜಮಾನರು ಮಲಗಿದ್ದರು.

ಬರದ ವರ್ಷಗಳಲ್ಲಿ ಅವರ ತೆಂಗು ಒಣಗಿತ್ತು, ಕೊಳವೆ ಬಾವಿಯ ಸಾಲ ಬೆಳೆದಿತ್ತು. ನಿದ್ದೆ ಬರಲೆಂದು ಕುಡಿಯಲು ಹಿಡಿದರಂತೆ. ಈಗ ಕೆರೆ ತುಂಬಿದೆ. ಸಾಲವನ್ನೂ ಆ ತಾಯಿ ಡೇರಿ ಬಟವಾಡೆಯಿಂದ ಮುಕ್ಕಾಲು ತೀರಿಸಿದ್ದಾರೆ. ಆದರೂ ಈತ ಏಳುತ್ತಿಲ್ಲ. ಮಾತಿಲ್ಲ, ಊಟ ರುಚಿಸದು, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಊರವರು ಸೋಮಾರಿ ಎಂದರು. ನಾನೂ ಹಾಗೆಯೇ ಅಂದುಕೊಂಡು ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ನೆಲ ಹಿಡಿದ ಹಸುವನ್ನು ಬಾರುಕೋಲಿನಿಂದ ಹೊಡೆದರೆ ಎದ್ದೀತೇ? ಇದನ್ನು ನಿಮಗೆಲ್ಲ ಹೇಳಿಕೊಡುವ ನನಗೇ ಮನುಷ್ಯನ ವಿಷಯದಲ್ಲಿ ಅದು ಹೊಳೆಯಲಿಲ್ಲ. ಖಿನ್ನತೆಗೆ ದಾರಿಗಳು ಹಲವು: ಸಾಲ, ಸಾವು, ಹೆರಿಗೆ, ಥೈರಾಯ್ಡ್ ತೊಂದರೆ, ವಂಶದಿಂದ ಬಂದ ಒಲವು. ಒಮ್ಮೆ ಕಾಯಿಲೆ ಬೇರೂರಿದ ಮೇಲೆ ಕಾರಣ ತೊಲಗಿದರೂ ಅದು ತಾನಾಗಿ ತೊಲಗಬೇಕೆಂದಿಲ್ಲ. ಬೇಸರ, ನಿರುತ್ಸಾಹ ಎರಡು ವಾರಕ್ಕೂ ಮೀರಿ ಎಡೆಬಿಡದೆ ಇದ್ದರೆ ವೈದ್ಯರಿಗೆ ತೋರಿಸಬೇಕು. ಹೆಂಗಸರಲ್ಲಿ ಇದು ಬರೀ ತಲೆನೋವು, ಮೈಕೈ ನೋವು ಎಂದೂ ಕಾಣಿಸಿಕೊಳ್ಳಬಹುದು. ಇನ್ನು ಕುಡಿತ ನಿದ್ದೆ ತರಿಸಿದಂತೆ ಮಾಡಿ ನಡುರಾತ್ರಿ ಅದನ್ನು ಒಡೆಯುತ್ತದೆ, ಖಿನ್ನತೆಯನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದಕ್ಕೆ ಮಾತ್ರ ಚಿಕಿತ್ಸೆ ಮಾಡಿಸಿದರೆ ಸಾಲದು.

ಮುಂದೆ ಆದದ್ದನ್ನು ಗಮನವಿಟ್ಟು ಕೇಳಿ. ನೆಂಟರು ಬಂದು ದೇವರ ಮುಂದೆ ಆಣೆ ಮಾಡಿಸಿದರು. ಆತ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದರು. ಮೂರನೆಯ ರಾತ್ರಿ ಕೈ ನಡುಗಿ, ಇಲ್ಲದವರನ್ನು ಕಂಡು ಕೂಗಾಡಿ, ಫಿಟ್ಸ್ ಬಂದು ಬಿದ್ದರು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಹೊರಟಿದ್ದವರನ್ನು ಆ ತಾಯಿಯೇ ತಡೆದು ಆಸ್ಪತ್ರೆಗೆ ಸಾಗಿಸಿದರು. ಅನೇಕ ವರ್ಷ ದಿನವೂ ಕುಡಿದವರು ಏಕಾಏಕಿ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಆಣೆ ಬೇಡವೆನ್ನುವುದಿಲ್ಲ, ಆದರೆ ಮೊದಲು ಆಸ್ಪತ್ರೆ. ಅಲ್ಲಿ ಮೊದಲ ವಾರ ನಡುಕ, ಫಿಟ್ಸ್ ತಡೆಯಲು ಔಷಧಿ ಕೊಡುತ್ತಾರೆ, ಥಯಮಿನ್ ಎಂಬ ಜೀವಸತ್ವದ ಸೂಜಿ ಹಾಕುತ್ತಾರೆ. ಆಮೇಲೆ ಕುಡಿಯುವ ಆಸೆ ತಗ್ಗಿಸುವ ಮಾತ್ರೆ, ಖಿನ್ನತೆಗೆ ಮಾತ್ರೆ, ಆಪ್ತ ಸಮಾಲೋಚನೆ. ಖಿನ್ನತೆಯ ಮಾತ್ರೆ ಹಾಲು ಜ್ವರದ ಸೂಜಿಯಂತಲ್ಲ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಚಟ ಹಿಡಿಸುವ ಮಾತ್ರೆಯೂ ಅಲ್ಲ. ಗುಣವಾಯಿತೆಂದು ತಕ್ಷಣ ಬಿಡಬಾರದು. ಆಮೇಲೂ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ.

ಇನ್ನೊಂದು ಮಾತು ತಾಯಂದಿರಿಗೆ. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಎಂದು ಪುಡಿ ಮಾರುವವರಿದ್ದಾರೆ. ದಯವಿಟ್ಟು ಬೇಡ. ಡೈಸಲ್ಫಿರಾಂ ಎಂಬ ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ ಬಂದು ರಕ್ತದೊತ್ತಡ ಕುಸಿಯುತ್ತದೆ. ತಿಳಿಯದೆ ತಿಂದವನು ಸಾಯಲೂಬಹುದು. ಮನೆಯಲ್ಲಿ ಇಂಥ ರೋಗಿ ಇದ್ದರೆ ಕ್ರಿಮಿನಾಶಕದ ಡಬ್ಬ ಕೈಗೆಟುಕದಂತೆ ಬೀಗ ಹಾಕಿಡಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಳ್ಳಿಯ ಜನರಿಗೆ ಸ್ಥಳೀಯ ಆಸ್ಪತ್ರೆಯಲ್ಲೇ ಮನೋರೋಗದ ಚಿಕಿತ್ಸೆ ಸಿಗುವಂತೆ ಮಾಡುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ನಡೆಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ಜಿಲ್ಲೆಯಲ್ಲೂ ಅದು ಇದೆ. ವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ. 2022ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿಯೂ ಇದೆ, ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಕಾರ್ಯದರ್ಶಿಗಳು ಈ ಸಂಖ್ಯೆಯನ್ನು ಫ್ಯಾಟ್ ದರದ ಪಟ್ಟಿಯ ಪಕ್ಕದಲ್ಲೇ ಬರೆದು ಹಾಕಲಿ.

ಆ ಯಜಮಾನರು ಆಮೇಲೆ ಎರಡು ಸಲ ಮತ್ತೆ ಕುಡಿದರು. ಎರಡು ಸಲವೂ ಆ ತಾಯಿ ಬೈಯದೆ ಮತ್ತೆ ಕರೆದೊಯ್ದರು. (ಬೈಯಲಿಲ್ಲ ಎಂದು ಅವರು ಹೇಳುತ್ತಾರೆ, ನಾನು ನಂಬಿಲ್ಲ.) ಈಗ ಬೆಳಗಿನ ಹಾಲನ್ನು ಆತನೇ ಡೇರಿಗೆ ತರುತ್ತಾರೆ, ಸರದಿಯಲ್ಲಿ ನಿಂತು ಒಂದೆರಡು ಮಾತೂ ಆಡುತ್ತಾರೆ.

ಪ್ರಶ್ನೆ ಇರುವವರು ಈಗ ಕೇಳಬಹುದು. ಎಲ್ಲರ ಮುಂದೆ ಕೇಳಲು ಸಂಕೋಚವಾದವರು ಊಟದ ಹೊತ್ತಿನಲ್ಲಿ, ಹಸುವಿನ ವಿಷಯವೆಂದು ಹೇಳಿಕೊಂಡೇ ನನ್ನ ಬಳಿ ಬನ್ನಿ.