ಬನ್ನಿನ ತಲೆಯವನ ಹಾಡು

ಮಗಳು ಶಿಶುವಿಹಾರಕ್ಕೆ ಹೋಗಿ ಎಷ್ಟೋ ಹೊತ್ತಾಗಿತ್ತು. ಅಪ್ಪ ಮಾತ್ರ ಅವಳ ಕಾರ್ಟೂನಿನ ಹಾಡನ್ನೇ ಗುನುಗುತ್ತ ಬಟ್ಟೆ ಒಣಹಾಕುತ್ತಿದ್ದರು. ಈ ವಾರ ಪಕ್ಕದ ಮನೆಯ ತಾರಸಿಯಲ್ಲಿ ಕಂಡದ್ದು. ಗುನುಗುತ್ತಿರುವುದು ಅವರಿಗೇ ಗೊತ್ತಿದ್ದಂತಿರಲಿಲ್ಲ. ಮಕ್ಕಳಿಗೆಂದು ಹಾಕಿದ ಹಾಡು ಮನೆಯವರೆಲ್ಲರ ಕಿವಿಗೂ ಬೀಳುತ್ತದೆ, ಅದೂ ದಿನಕ್ಕೆ ಹತ್ತಾರು ಸಲ.

ಜಪಾನಿನಲ್ಲಿ ಹೀಗೆ ಮನೆಮನೆಗೂ ಹೊಕ್ಕ ಹಾಡು ‘ಅನ್‌ಪನ್‌ಮ್ಯಾನ್ ಮಾರ್ಚ್’. 1988ರ ಅಕ್ಟೋಬರ್‌ನಲ್ಲಿ ನಿಪ್ಪಾನ್ ಟಿವಿಯಲ್ಲಿ ಶುರುವಾದ ‘ಅನ್‌ಪನ್‌ಮ್ಯಾನ್’ ಕಾರ್ಟೂನಿನ ಶೀರ್ಷಿಕೆ ಗೀತೆ ಅದು. ನಾಯಕನ ತಲೆಯೇ ಒಂದು ಬನ್ನು. ಒಳಗೆ ಹೋಳಿಗೆಯ ಹೂರಣದಂಥ ಸಿಹಿ, ಅಜುಕಿ ಕಾಳಿನದು. ಹಸಿದವರು ಕಂಡರೆ ತನ್ನ ಮುಖವನ್ನೇ ಮುರಿದು ಕೊಡುತ್ತಾನೆ. ಕೊಟ್ಟಷ್ಟೂ ಅವನ ಕಸುವು ಇಳಿಯುತ್ತದೆ. ಆಗ ಬೇಕರಿಯ ಜಾಮ್ ಮಾಮ ಹೊಸ ಮುಖ ಬೇಯಿಸಿ ಕೂಡಿಸಬೇಕು.

ನೋಡುವವರು ಎರಡು ಮೂರು ವರ್ಷದ ಕೂಸುಗಳು. ಅವರ ಮುಂದೆ ಆ ಹಾಡು ಇಡುವ ಪ್ರಶ್ನೆಯೋ, ಹುಟ್ಟಿ ಬಂದದ್ದು ಯಾತಕ್ಕೆ, ಬದುಕಿ ಮಾಡಬೇಕಾದ್ದೇನು ಎಂಬುದು! ಎದೆಯ ಗಾಯ ನೋಯುತ್ತಿದ್ದರೂ ಬದುಕಿರುವುದು ಸಂತೋಷವೇ ಎಂದೂ ಅದು ಹೇಳುತ್ತದೆ. ತಾಳವೋ ಕುಣಿಸುವಂಥದ್ದು. ಕೂಸುಗಳು ಕುಣಿಯುತ್ತವೆ.

ಬರೆದವರು ತಕಾಶಿ ಯಾನಸೆ. 1919ರಲ್ಲಿ ಹುಟ್ಟಿದವರು, ಸೈನಿಕರಾಗಿ ಚೀನಾಕ್ಕೆ ಹೋಗಿ ಹಸಿವೇನೆಂದು ಕಂಡವರು. ತಮ್ಮ ನೌಕಾಪಡೆ ಸೇರಿದ, ಹಿಂದಿರುಗಲಿಲ್ಲ. ನ್ಯಾಯವೆಂದು ಹೇಳಿಕೊಟ್ಟಿದ್ದ ಯುದ್ಧ ಸೋತೊಡನೆ ಅನ್ಯಾಯವಾಗಿಬಿಟ್ಟಿತು. ಯಾವ ಕಾಲಕ್ಕೂ ತಲೆಕೆಳಗಾಗದ ನ್ಯಾಯ ಯಾವುದು? ಹಸಿದವರಿಗೆ ಉಣಿಸುವುದು ಎಂಬಲ್ಲಿಗೆ ಅವರು ಬಂದು ಮುಟ್ಟಿದರು. 1973ರಲ್ಲಿ ಬನ್ನಿನ ತಲೆಯವನು ಚಿತ್ರಪುಸ್ತಕವಾದಾಗ, ಮುಖ ತಿನ್ನಿಸುವುದು ಕ್ರೂರವೆಂದು ದೊಡ್ಡವರು ಮುಖ ಸಿಂಡರಿಸಿದರು. ಶಿಶುವಿಹಾರದ ಮಕ್ಕಳು ಆ ಪುಸ್ತಕವನ್ನು ಹರಿಯುವ ತನಕ ಓದಿಸಿಕೊಂಡರು. ಇಂಥ ಕಡೆ ಮಕ್ಕಳ ತೀರ್ಪನ್ನೇ ನಂಬಬೇಕು.

ಅದಕ್ಕೂ ಮೊದಲು ಯಾನಸೆ ಇನ್ನೊಂದು ಹಾಡು ಬರೆದಿದ್ದರು, ಅಂಗೈಯನ್ನು ಸೂರ್ಯನಿಗೆ ಹಿಡಿಯುವ ಹಾಡು. ವ್ಯಂಗ್ಯಚಿತ್ರಕಾರನಾಗಿ ಕೆಲಸ ಸಿಗದೆ ಕುಗ್ಗಿದ್ದ ದಿನಗಳು. ಒಂದು ರಾತ್ರಿ ದೀಪದ ಬೆಳಕಿಗೆ ಕೈಯೊಡ್ಡಿದರೆ ಬೆರಳುಗಳೊಳಗೆ ರಕ್ತ ಕೆಂಪಗೆ ಹೊಳೆಯಿತು; ಮನಸ್ಸು ಸೋತರೂ ರಕ್ತ ಸೋತಿರಲಿಲ್ಲ. 1962ರಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಹಾಡಿನ ಕಾರ್ಯಕ್ರಮ ‘ಮಿನ್ನಾ ನೋ ಉತಾ’ ಅದನ್ನು ಊರಿಗೆಲ್ಲ ಕೇಳಿಸಿತು. ಎರೆಹುಳುವನ್ನೂ ನೀರ ಮೇಲೆ ಜಾರುವ ಹುಳುವನ್ನೂ ಅದು ಗೆಳೆಯರ ಸಾಲಿಗೆ ಸೇರಿಸುತ್ತದೆ.

2011ರ ಮಾರ್ಚ್ 11ರಂದು ಈಶಾನ್ಯ ಜಪಾನ್ ನಡುಗಿತು, ಕಡಲು ಊರೊಳಗೆ ನುಗ್ಗಿತು. ಆ ದಿನಗಳಲ್ಲಿ ರೇಡಿಯೊ ಕೇಂದ್ರಗಳಿಗೆ ಹಾಡಿನ ಕೋರಿಕೆಗಳು ಬರತೊಡಗಿದವು. ಕೇಳುಗರು ಮತ್ತೆ ಮತ್ತೆ ಬೇಡಿದ್ದು ಅನ್‌ಪನ್‌ಮ್ಯಾನ್ ಮಾರ್ಚ್. ಮಕ್ಕಳನ್ನು ಸಮಾಧಾನಪಡಿಸಲು ಕೇಳಿದವರಿದ್ದರು. ಬಹುಶಃ ಆ ನೆಪದಲ್ಲಿ ತಮಗಾಗಿಯೇ ಕೇಳಿಕೊಂಡವರೂ ಇದ್ದಿರಬೇಕು. 1988ರಲ್ಲಿ ಮೂರು ವರ್ಷದವನಾಗಿ ಟಿವಿಯ ಮುಂದೆ ಕುಣಿದವನಿಗೆ ಆ ವಸಂತದಲ್ಲಿ ಇಪ್ಪತ್ತಾರು. ಗಾಯದ ಮಾತು ಅವನ ಕಿವಿಗೆ ಸಾವಿರ ಸಲ ಬಿದ್ದಿದ್ದರೂ, ಅರ್ಥವಾಗಿ ಬಿದ್ದದ್ದು ಅಂದೇ ಮೊದಲಾಗಿದ್ದೀತು.

ಯಾನಸೆಗೆ ಆಗ 92 ವರ್ಷ. ಕಣ್ಣು ಮಂಜಾಗಿತ್ತು, ನಿವೃತ್ತಿಗೆ ಮನಸ್ಸು ಮಾಡಿದ್ದರು. ಆ ಯೋಚನೆಯನ್ನು ಬದಿಗಿಟ್ಟು, ನಿರಾಶ್ರಿತರ ಶಿಬಿರಗಳ ಗೋಡೆಗೆಂದು ಬನ್ನಿನ ತಲೆಯವನ ಚಿತ್ರ ಬರೆದು ಕಳಿಸಿದರು.