ಅಗಲಿದವರನ್ನು ಕುರಿತು ನಾಲ್ಕು ಮಾತು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ದಿನ ಸಾವಿನ ಮಾತನ್ನೆತ್ತುವುದು ಉಚಿತವೆ ಎಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮನೆಗಳ ಹಿರಿಯರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ನುಡಿನಮನ ಬರೆದುಕೊಡಿರೆಂದು ನನ್ನಂಥ ಕನ್ನಡ ಪಂಡಿತನ ಬಳಿಗೆ ಬರುವವರೂ ಹೆಚ್ಚಿದ್ದಾರೆ. ಅವರಿಗೆ ಹೇಳಬೇಕಾದುದನ್ನು ಇಲ್ಲಿಯೇ ಅರಿಕೆ ಮಾಡುತ್ತೇನೆ. ಇದನ್ನು ನಾನು ಕಲಿತದ್ದು ವಿದ್ವತ್ ಪರೀಕ್ಷೆಯಿಂದಲ್ಲ, ನನ್ನದೇ ಒಂದು ಸೋಲಿನಿಂದ.

ತಂದೆಯವರು ತೀರಿಕೊಂಡಾಗ ವೈಕುಂಠ ಸಮಾರಾಧನೆಯ ದಿನ ಓದಲೆಂದು ನಾಲ್ಕು ಪುಟ ಬರೆದೆ. ‘ಸೌಜನ್ಯಮೂರ್ತಿ’, ‘ಕರ್ಮಯೋಗಿ’, ‘ತುಂಬಲಾರದ ನಷ್ಟ’, ಒಂದನ್ನೂ ಬಿಡಲಿಲ್ಲ. ಸಭೆ ಮೌನವಾಗಿ ಕೇಳಿತು. ಊಟವಾದ ಮೇಲೆ ತಾಯಿಯವರು ಮೆಲ್ಲನೆ, “ಲಾಯ್ಕಿತ್ತು ಮಗಾ. ಆದರೆ ಯಾರ ವಿಷಯ ಅದು?” ಎಂದರು. ಹಾಸ್ಯಕ್ಕೆ ಕೇಳಿದ್ದಲ್ಲ. ಮಲಯಾಳ ಮಾಧ್ಯಮದಲ್ಲಿ ಓದುವ ನನ್ನ ತಂಗಿಯ ಮಕ್ಕಳಿಗಂತೂ ಅಜ್ಜನ ಹೆಸರೊಂದನ್ನುಳಿದು ಏನೂ ತಿಳಿದಿರಲಿಲ್ಲ.

ಆ ಸಂಜೆ ತಾಯಿಯವರೇ ಮಕ್ಕಳನ್ನು ಕೂರಿಸಿಕೊಂಡು ಹೇಳಿದರು. ಈ ಕಾಸರಗೋಡಿನ ಸೀಮೆಯ ಎಷ್ಟೋ ತೋಟಗಳಿಗಿರುವಂತೆ ನಮ್ಮ ಮನೆಯ ಹಿಂದಣ ಗುಡ್ಡದಲ್ಲಿಯೂ ಮುರಕಲ್ಲು ಕೊರೆದು ಮಾಡಿದ ಒಂದು ಸುರಂಗವಿದೆ. ತಂದೆಯವರು ಪ್ರತಿ ಬೇಸಗೆಯಲ್ಲಿ ದೀಪ ಹಿಡಿದು ಒಳಗೆ ಹೋಗಿ ಕುಸಿದ ಮಣ್ಣು ತೆಗೆಯುತ್ತಿದ್ದರು; ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದರಿತು ಹಿಂದಿರುಗುತ್ತಿದ್ದರು. ಹೊರಬಂದ ನೀರನ್ನು ಅಡಕೆಯ ದಂಬೆಯಲ್ಲಿ ಹಾಯಿಸಿ, ಬೆಳಗ್ಗೆ ಮೊದಲು ನೆರೆಮನೆಯವರ ತೊಟ್ಟಿಗೆ ಬಿಡುತ್ತಿದ್ದರು. ಆ ನೆರೆಯವರೊಡನೆ ಗಡಿಕಲ್ಲಿನ ಜಗಳದಿಂದಾಗಿ 11 ವರ್ಷ ಮಾತಿರಲಿಲ್ಲ! ನೀರು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮಕ್ಕಳಲ್ಲಿ ಹಿರಿಯವಳು, “ಆ ದೀಪ ಎಲ್ಲಿದೆ ಅಜ್ಜೀ?” ಎಂದಳು. ನನ್ನ ನಾಲ್ಕು ಪುಟಗಳಲ್ಲಿ ಸುರಂಗವೂ ಇರಲಿಲ್ಲ, ತಂದೆಯವರ ಕೋಪವೂ ಇರಲಿಲ್ಲ.

ಕ್ರಿ.ಶ. 949-50ರ ಆತಕೂರಿನ ಶಾಸನವನ್ನು ತಾವು ಕೇಳಿರಬಹುದು. ಅದೀಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಕಾದಿ, ಎರಡೂ ಸತ್ತುದಕ್ಕೆ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು ಅದು. ಅದರಲ್ಲಿ ಅರಸರಿಗೂ ವೀರರಿಗೂ ಬಿರುದುಗಳು ಸಾಲುಸಾಲಾಗಿವೆ; ನಾಯಿಯ ಪಾಲಿಗೆ ಬಂದುದು ಅದು ಮಾಡಿದ ಕೆಲಸ ಮಾತ್ರ. ಓದಿದವರ ನೆನಪಿನಲ್ಲಿ ನಿಲ್ಲುವುದು ನಾಯಿಯೇ.

ಆದುದರಿಂದ ಬರೆಯುವ ಮುನ್ನ ಅಡಿಗೆಮನೆಗೆ ಹೋಗಿ ಕೇಳಿರಿ, ತೋಟದ ಆಳುಗಳನ್ನು ಕೇಳಿರಿ. ಐದು ನಿಮಿಷಕ್ಕಿಂತ ಉದ್ದ ಬೇಡ. ಬಾಳೆಯೆಲೆಯ ಮುಂದೆ ಕುಳಿತವರನ್ನು ಕಾಯಿಸುವುದು ಅಗಲಿದವರಿಗೂ ಹಿತವಲ್ಲ. ಮೊದಲೇ ಒಬ್ಬರೇ ಕುಳಿತು ಗಟ್ಟಿಯಾಗಿ ಓದಿಕೊಂಡರೆ ಗಂಟಲು ಕಟ್ಟುವ ಸ್ಥಳ ಯಾವುದೆಂದು ತಿಳಿಯುತ್ತದೆ. ಅಲ್ಲಿ ವಾಕ್ಯಗಳನ್ನು ಚಿಕ್ಕದಾಗಿಸಿರಿ. ಇನ್ನೊಂದು ಪ್ರತಿಯನ್ನು ಮನೆಯವರೊಬ್ಬರ ಕೈಯಲ್ಲಿ ಕೊಟ್ಟಿರಿ.

ಮುಂದೆ ಸೋದರಮಾವನವರು ತೀರಿಕೊಂಡಾಗ ನಾನು ಹಾಗೆಯೇ ಮಾಡಿದೆ. ಒಂದೇ ಪುಟ ಬರೆದೆ. ಅರ್ಧಕ್ಕೆ ಬರುವಾಗ ಮಾತು ಹೊರಡಲಿಲ್ಲ. ಎರಡನೆಯ ಪ್ರತಿ ಇದ್ದುದು ತಂಗಿಯ ಹಿರಿಯ ಮಗಳ ಕೈಯಲ್ಲಿ. ಅವಳು ಎದ್ದುಬಂದು, ನಿಂತಲ್ಲಿಂದ ಮುಂದಕ್ಕೆ, ಒಂದು ಮಾತೂ ತಪ್ಪದೆ ಓದಿ ಮುಗಿಸಿದಳು. ಬಳಿಕ ಅವಳ ಕೈಯ ಕಾಗದವನ್ನು ತೆಗೆದು ನೋಡಿದೆ. ಕನ್ನಡದ ಮಾತುಗಳೆಲ್ಲವನ್ನೂ ಅವಳು ಮಲಯಾಳದ ಅಕ್ಷರದಲ್ಲಿ ಬರೆದುಕೊಂಡಿದ್ದಳು.