ಅಪ್ಪನ ಯೆಜ್ಡಿ, ಮೈಸೂರಿನ ಕಾರ್ಖಾನೆ, ಗುಬ್ಬಿಯ ಮೆಕ್ಯಾನಿಕ್

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ. ಮಾತಿಗಿಂತ ಮುಂಚೆ ಒಂದು ಸದ್ದು ಕೇಳಿಸ್ತೀನಿ.

(ಬೈಕ್ ಸ್ಟಾರ್ಟ್ ಆಗುವ ಸದ್ದು)

ಇದು ಕುಣಿಗಲ್‌ನಲ್ಲಿ ನಮ್ಮ ಮನೆ ಮುಂದೆ ರೆಕಾರ್ಡ್ ಮಾಡಿದ್ದು. ಅಪ್ಪನ 1982ರ ಯೆಜ್ಡಿ ರೋಡ್‌ಕಿಂಗ್. ಒಂಬತ್ತು ವರ್ಷ ಕೊಟ್ಟಿಗೆಯಲ್ಲಿ ಟಾರ್ಪಾಲಿನ್ ಕೆಳಗೆ ಮಲಗಿತ್ತು. ಹೋದ ತಿಂಗಳು ಬೆಂಗಳೂರಿಂದ ಒಬ್ರು ಬಂದು, ಅಪ್ಪ ಕೊಟ್ಟ ಬೆಲೆಯ ಹತ್ತು ಪಟ್ಟು ಹೇಳಿದ್ರು. "ಕೊಟ್ಬಿಡು, ಜಾಗನಾದ್ರೂ ಖಾಲಿ ಆಗುತ್ತೆ" ಅಂದ್ರು ಅಮ್ಮ. ನಾನು ಎರಡು ವಾರ ಟೈಮ್ ಕೇಳಿದೆ. ಆ ಎರಡು ವಾರದಲ್ಲಿ ತಿಳ್ಕೊಂಡಿದ್ದೇ ಇವತ್ತಿನ ಕಥೆ.

ಕುಣಿಗಲ್ ಅಂದ್ರೆ ಎಲ್ಲರಿಗೂ ನೆನಪಾಗೋದು ಕುದುರೆ ಫಾರಂ. ನಮ್ಮೂರಿಂದ ಹುಲಿಯೂರುದುರ್ಗ, ಮದ್ದೂರು ಮೇಲೆ ಹೋದ್ರೆ ಮೈಸೂರು. ಆ ಮೈಸೂರಿನಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಕುದುರೆಗಳು ಹುಟ್ತಾ ಇದ್ವು.

ಕಥೆ ಶುರುವಾಗೋದು ಮಾತ್ರ ದೂರದ ಪ್ರಾಗ್‌ನಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಚೆಕ್ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನ ಕೊಂಡ್ಕೊಂಡ್ರು. ಯಾನೆಚೆಕ್‌ನ ಮೊದಲ ಅಕ್ಷರ, ವಾಂಡರರ್‌ನ ಮೊದಲ ಅಕ್ಷರ ಸೇರಿಸಿ ಬಂದ ಹೆಸರು ಜಾವಾ. ಅಲ್ಲಿನವರ ಬಾಯಲ್ಲಿ ಅದು 'ಯಾವಾ'.

ನಮ್ಮಲ್ಲಿ ಈ ಬೈಕುಗಳನ್ನ ವಿದೇಶದಿಂದ ತರಿಸಿ ಮಾರ್ತಿದ್ದವರು ಇರಾನಿ ಕುಟುಂಬ. ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ, ಇಲ್ಲೇ ತಯಾರಿಸೋಣ ಅಂತ ಹೊರಟ್ರು. ಆಗ ಮೈಸೂರು ರಾಜ್ಯಕ್ಕೆ ಜಯಚಾಮರಾಜ ಒಡೆಯರ್ ಅವರೇ ರಾಜ್ಯಪಾಲರು. ಅವರ ಬೆಂಬಲದಿಂದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಬೈಕ್ ಹೊರಗೆ ಬರೋಕೆ ಶುರುವಾಯ್ತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಅಂತ ಬದಲಾಯ್ತು. 1978ರಲ್ಲಿ ರೋಡ್‌ಕಿಂಗ್ ಬಂತು.

ಈ ಬೈಕಿನ ತಮಾಷೆ ಏನು ಗೊತ್ತಾ? ಕಿಕ್ಕರ್ ಬೇರೆ ಅಲ್ಲ, ಗೇರ್ ಲಿವರ್ ಬೇರೆ ಅಲ್ಲ. ಅದೇ ಲಿವರ್‌ನ ಮೇಲಕ್ಕೆ ತಿರುಗಿಸಿ ಒದ್ದು ಸ್ಟಾರ್ಟ್ ಮಾಡಬೇಕು, ಆಮೇಲೆ ಮುಂದಕ್ಕೆ ಮಲಗಿಸಿದ್ರೆ ಅದೇ ಗೇರ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಇಂಜಿನ್ ಟೂ-ಸ್ಟ್ರೋಕ್. ಅಂದ್ರೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಬೇಕು, ಆ ಆಯಿಲೂ ಒಳಗೇ ಉರಿಯುತ್ತೆ. ಸರಳ ಇಂಜಿನ್, ಒಳ್ಳೇ ಎಳೆತ. ಆದ್ರೆ ಹೊಗೆ ಜಾಸ್ತಿ, ಪೆಟ್ರೋಲೂ ಜಾಸ್ತಿ.

ಈ ಕೊನೇ ಮಾತೇ ಮುಳುವಾಯ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಅದು ಫೋರ್-ಸ್ಟ್ರೋಕ್, ಆಯಿಲ್ ಇಂಜಿನ್ ಕೆಳಗೇ ಇರುತ್ತೆ, ಉರಿಯಲ್ಲ. ಅದೇ ಹೊತ್ತಿಗೆ ಸುಜುಕಿ, ಯಮಹಾ, ಕವಾಸಕಿ ಕೂಡ ಇಲ್ಲಿನ ಕಂಪನಿಗಳ ಜೊತೆ ಸೇರಿ ಹಗುರವಾದ 100 ಸಿಸಿ ಬೈಕು ಇಳಿಸಿದ್ವು. ಮೈಸೂರಿನವರು 350 ಸಿಸಿಯ ಟ್ವಿನ್ ಬೈಕ್ ತಂದಿದ್ರು, ಅದು ದುಬಾರಿ, ಓಡಲಿಲ್ಲ. 1991ರಲ್ಲಿ ಹೊಗೆಯ ನಿಯಮ ಬಂತು, 1996ರಲ್ಲಿ ಅದು ಇನ್ನೂ ಬಿಗಿಯಾಯ್ತು. ಅದೇ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು.

ತುಮಕೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಮುಚ್ಚಿದ್ದನ್ನ ನೀವೇ ನೋಡಿದ್ದೀರ. ಆ ಜಾಗ ಈಗ ಇಸ್ರೋದ್ದು.

ಹಳೇ ಬೈಕ್ ಅಂದ್ರೆ ಕಣ್ಣೀರು ಹಾಕೋ ವಿಡಿಯೋಗಳು ಬೇಕಾದಷ್ಟಿವೆ. ಅವು ಒಂದು ವಿಷಯ ಹೇಳಲ್ಲ. ಯೆಜ್ಡಿ ಬಿಟ್ಟವರು ಯಾರು? ನಮ್ಮಪ್ಪನೇ! ಹಳ್ಳಿಗಳಿಂದ ಹಾಲಿನ ಕ್ಯಾನ್ ಹೇರ್ಕೊಂಡು ದಿನಕ್ಕೆ ಎರಡು ಸಲ ಕುಣಿಗಲ್‌ಗೆ ಬರ್ತಿದ್ರು. ತಿಂಗಳ ಕೊನೆಗೆ ಪೆಟ್ರೋಲ್ ಲೆಕ್ಕ ಹಾಕಿದ್ರೆ ಕೈಗೆ ಉಳಿಯೋದು ಅಷ್ಟಕ್ಕಷ್ಟೆ. 1992ರಲ್ಲಿ 100 ಸಿಸಿ ಗಾಡಿ ತಗೊಂಡ್ರು. "ಪ್ರೀತಿ ಇತ್ತು ಕಣೋ, ಪ್ರೀತಿ ಹಾಕಿದ್ರೆ ಗಾಡಿ ಓಡ್ತದಾ?" ಅಂತಾರೆ. ಲಕ್ಷಾಂತರ ಮನೆಯಲ್ಲಿ ಇದೇ ಲೆಕ್ಕ ನಡೀತು. ಅದರ ಇನ್ನೊಂದು ತುದಿಯಲ್ಲಿ ಯಾದವಗಿರಿಯ ಕಾರ್ಮಿಕರ ಸಂಬಳ ಇತ್ತು.

ಹೆಸರು ವಾಪಸ್ ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಆ ಹೊಸ ಬೈಕುಗಳು ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿಗೆ ಹೆಸರೂ ಬಂತು, ಬೈಕೂ ಬಂತು. ಯಾದವಗಿರಿಯ ಕೆಲಸ ಬರಲಿಲ್ಲ.

ಸರಿ, ನಮ್ಮ ಗಾಡಿಗೆ ಬರೋಣ. ತುಮಕೂರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಸುತ್ತಿದೆ. "ಗುಬ್ಬಿಗೆ ಹೋಗಿ, ಅಲ್ಲೊಬ್ರು ಇದಾರೆ" ಅಂದ್ರು. ಹೋದೆ. ಎಪ್ಪತ್ತು ದಾಟಿದ ಯಜಮಾನರು. ಗಾಡಿ ನೋಡೇ ಇಲ್ಲ, ಫೋನ್‌ನಲ್ಲಿ ಈ ಸದ್ದು ಕೇಳಿಸಿದೆ. ಎರಡು ಸಲ ಕೇಳಿ ಹೇಳಿದ್ರು: "ಬಲಗಡೆ ಸೈಲೆನ್ಸರ್ ಕಟ್ಕೊಂಡಿದೆ. ಒಳಗೆ ಮಸಿ ಕೂತಿದೆ."

ಶುರುವಿಗೆ ಹೋಗಿ ಮತ್ತೆ ಕೇಳಿ ನೋಡಿ. ಒಂದು ಕಡೆ ಸದ್ದು ಮಂಕಾಗಿದೆ. ನನಗೆ ಅವರು ಹೇಳೋವರೆಗೂ ಗೊತ್ತಾಗಿರಲಿಲ್ಲ.

ಗಾಡಿ ತಗೊಂಡು ಹೋದಾಗ ಇಗ್ನಿಷನ್ ಪಾಯಿಂಟ್‌ನ ಗ್ಯಾಪ್ ಸರಿ ಮಾಡಿದ್ರು. ಗೇಜ್ ಇಲ್ಲ. ಹಳೇ ಲಗ್ನಪತ್ರಿಕೆಯ ತುಂಡೊಂದನ್ನ ನಡುವೆ ತೂರಿಸಿ, ಎಳೆದು ನೋಡಿ, "ಇಷ್ಟು ಬಿಗಿ ಸಾಕು" ಅಂದ್ರು. ಆ "ಇಷ್ಟು" ಎಷ್ಟು ಅಂತ ಯಾವ ಯೂಟ್ಯೂಬ್‌ನಲ್ಲೂ ಇಲ್ಲ. ಅವರ ಬೆರಳಲ್ಲಿದೆ.

ಅವರ ಮಗ ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಮಾಡ್ತಾರೆ. "ಬೋರ್ಡ್ ಹೋದ್ರೆ ನಾವು ಬಿಚ್ಚೋ ಹಾಗಿಲ್ಲ ಅಣ್ಣಾ, ಹೊಸದು ಹಾಕೋದಷ್ಟೇ" ಅಂದ್ರು. ಅಪ್ಪನ ಕೆಲಸ ಯಾಕೆ ಕಲೀಲಿಲ್ಲ ಅಂತ ಕೇಳಿದೆ. "ತಿಂಗಳಿಗೆ ಎರಡು ಯೆಜ್ಡಿ ಬರುತ್ತೆ. ಅದರಲ್ಲಿ ಸಂಸಾರ ನಡೆಯುತ್ತಾ?" ನನ್ನ ಹತ್ರ ಉತ್ತರ ಇರಲಿಲ್ಲ. ಇದೇ ಗುಬ್ಬಿ ತಾಲ್ಲೂಕಿನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಊರಿನ ಕೈಗಳಿಗೆ ಕೆಲಸದ ಕನಸು ಈಗ ಆ ಕಡೆ ನೋಡ್ತಾ ಇದೆ, ತಪ್ಪೇನಿಲ್ಲ.

ಬೆಂಗಳೂರಿನವರಿಗೆ ನಿನ್ನೆ ಫೋನ್ ಮಾಡಿ ಇಲ್ಲ ಅಂದೆ. ಗಾಡಿ ಉಳಿಸ್ಕೊಂಡೆ ಅನ್ನೋದು ದೊಡ್ಡ ವಿಷಯ ಅಲ್ಲ. ಹದಿನೈದು ದಿನಕ್ಕೊಮ್ಮೆ ಭಾನುವಾರ ಗುಬ್ಬಿಗೆ ಹೋಗಿ ಅವರ ಪಕ್ಕ ಕೂತು ಕಲಿಯೋದು ಅಂತ ಒಪ್ಪಿಸಿದ್ದೀನಿ. ಹೋದಾಗೆಲ್ಲ ಅವರಿಗೆ ದಿನದ ಕೂಲಿ ಕೊಡ್ತೀನಿ. ಮೊದಲ ಪಾಠ ಮಸಿ ಕೆರೆಯೋದು. ಕೈ ಇನ್ನೂ ಕರ್ರಗಿದೆ.

ನಿಮ್ಮೂರಲ್ಲೂ ಸದ್ದು ಕೇಳಿ ರೋಗ ಹೇಳೋ ಮೆಕ್ಯಾನಿಕ್ ಒಬ್ರು ಇದ್ದೇ ಇರ್ತಾರೆ. ಒಂದು ಟೀ ಕುಡಿಸಿ, ಅವರ ಮಾತು ರೆಕಾರ್ಡ್ ಮಾಡ್ಕೊಳ್ಳಿ. ನಮಗೂ ಕಳಿಸಿ.

ಹೋಗೋ ಮುಂಚೆ, ಎರಡೂ ಸೈಲೆನ್ಸರ್ ಕ್ಲೀನ್ ಆದ ಮೇಲಿನ ಸದ್ದು. ಈಗ ಕೇಳಿ.

(ಬೈಕ್ ಸ್ಟಾರ್ಟ್ ಆಗುವ ಸದ್ದು)